ಗೆಲ್ಲುವ ಕುದುರೆ ಕಣ್ಣಿಗೆ ಬೀಳುವುದಿಲ್ಲ: ಆಕ್ಷೇಪಗಳಿಗೆ ಪ್ರತ್ಯುತ್ತರ

ಓಟಕ್ಕೆ ಬಿಡುವ ಮುನ್ನ ಕುದುರೆಯನ್ನೋ ಎತ್ತನ್ನೋ ನೋಡಿ ಏನು ಹೇಳಬಹುದು, ಏನು ಹೇಳಲಾಗದು ಎಂದು ನಾನು ಬರೆದದ್ದಕ್ಕೆ ಕಲಬುರಗಿ ಸೀಮೆಯಿಂದ ಬಂದಷ್ಟು ತಕರಾರು ಬೇರೆಲ್ಲಿಂದಲೂ ಬರಲಿಲ್ಲ. ನಾನು ಹೇಳಿದ್ದು ಇಷ್ಟೇ. ಬೆಂಗಳೂರಿನ ರೇಸ್‌ಕೋರ್ಸಿನ ಪ್ಯಾಡಕ್ಕಿನ ಕಟಕಟೆಗೆ ಒರಗಿ ಕುದುರೆ ನೋಡುವವರೂ, ಕಾರಹುಣ್ಣಿಮೆಯ ಸಂಜೆ ಕಮಲಾಪುರದ ಕಡೆಯ ಹಳ್ಳಿಯ ಅಗಸಿಯಲ್ಲಿ ನಿಂತು ಎತ್ತು ನೋಡುವವರೂ ಹುಡುಕುವುದು ಒಂದನ್ನೇ: ಇವತ್ತು ಗೆಲ್ಲುವುದು ಯಾವುದು? ಕಣ್ಣಿಗೆ ಆ ಶಕ್ತಿ ಇಲ್ಲ. ಇವತ್ತು ಓಡಬಾರದ್ದು ಯಾವುದು ಎಂಬುದನ್ನು ಮಾತ್ರ ಕಣ್ಣು ಹಿಡಿಯಬಲ್ಲದು, ಅದೂ ನೋಡಬೇಕಾದ ಜಾಗ ನೋಡಿದರೆ. ಸುಳಿ, ಬಣ್ಣ, ಮೈಹೊಳಪು ನೋಡುತ್ತ ನಿಂತರೆ ಅದೂ ತಪ್ಪಿಹೋಗುತ್ತದೆ.

ಈ ಮಾತು ಸುಳಿ ನಂಬುವವರಿಗೂ ಹಿಡಿಸಲಿಲ್ಲ, ಸುಳಿ ನಂಬದವರಿಗೂ ಹಿಡಿಸಲಿಲ್ಲ. ಅವರವರ ಮಾತನ್ನೇ ಹಿಡಿದು ಉತ್ತರ ಕೊಡುತ್ತೇನೆ. ಕೆಲವರಿಗೆ ಉದ್ದ, ಕೆಲವರಿಗೆ ಗಿಡ್ಡ. ಯಾರೂ ಬ್ಯಾಸರ ಮಾಡಿಕೊಳ್ಳಬಾರದು.

ಕಮಲಾಪುರದ ಹತ್ತಿರದ ಹಿರಿಯ ರೈತರೊಬ್ಬರ ಮಾತು ಮೊದಲು. “ನಮ್ಮ ಮುತ್ಯಾ, ಮುತ್ಯಾನ ಅಪ್ಪ ಎಲ್ಲಾರೂ ಸುಳಿ ನೋಡೇ ಎತ್ತು ತಂದಾರ. ಅವರೇನು ತಿಳಿಗೇಡಿಗಳೇನ್ರಿ?” ಎಂದು ಕೇಳಿದ್ದಾರೆ. ಖಂಡಿತ ಅಲ್ರಿ ಕಾಕಾ. ಆದರೆ ಮುತ್ಯಾ ಸುಳಿ ನೋಡುತ್ತಿದ್ದದ್ದು ಯಾವಾಗ, ಅದನ್ನು ನೆನಪು ಮಾಡಿಕೊಳ್ಳಿ. ದನದ ಸಂತೆಯಲ್ಲಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಗೊರಸು. ಆಮೇಲೆ ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಮಾಗಿದೆಯೋ ಒಳಗೇ ಕೀವು ಇದೆಯೋ ಎಂದು ಒತ್ತುತ್ತಿದ್ದರು. ಹತ್ತು ಮಾರು ನಡೆಸಿ, ತಿರುಗಿಸಿ, ಹಿಂದಕ್ಕೆ ಸರಿಸಿ ನೋಡುತ್ತಿದ್ದರು. ಇಷ್ಟೆಲ್ಲ ಮುಗಿದು ದಲಾಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುವ ಹೊತ್ತಿಗೆ ಸುಳಿ ಹೊರಗೆ ಬರುತ್ತಿತ್ತು. ಕಣ್ಣಿನ ಕೆಳಗೆ ಸುಳಿ ಇದೆ, ಕೊಂಡವನ ಮನೆಯಲ್ಲಿ ಕಣ್ಣೀರು ಹಾಕಿಸುತ್ತದೆ, ಇನ್ನಷ್ಟು ಇಳಿಸಿ. ಮಾರುವವನೂ ಕಡಿಮೆಯವನಲ್ಲ, ಕೊರಳಿನ ಸುಳಿ ತೋರಿಸಿ ಇದು ದೇವಮಣಿ, ಮನೆಗೆ ಲಕ್ಷ್ಮಿ ತರುತ್ತದೆ ಎಂದು ಏರಿಸುತ್ತಿದ್ದ. ದರ ಮುರಿಯಲು, ದರ ಏರಿಸಲು ಸುಳಿ ಬೇಕಾಗಿತ್ತು. ಎತ್ತು ಹೊಲದಲ್ಲಿ ಹೇಗೆ ದುಡಿಯುತ್ತದೆ ಎಂಬುದನ್ನು ಮುತ್ಯಾ ಆಗಲೇ ಕಾಲು ನೋಡಿ ತಿಳಿದುಕೊಂಡಿರುತ್ತಿದ್ದ. ಮೊಮ್ಮಕ್ಕಳ ಕೈಗೆ ಬರುವಷ್ಟರಲ್ಲಿ ಹಲ್ಲು, ಗೊರಸು, ಹೆಗಲು ಮೂರೂ ಬಿದ್ದುಹೋಗಿ ಸುಳಿಯೊಂದೇ ಉಳಿದಿದ್ದರೆ ಮುತ್ಯಾನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಇನ್ನೊಂದು ಮಾತು ಇದೆ, ಅದೇ ಮುಖ್ಯ. ಸುಳಿ ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಇದ್ದ ಜಾಗದಲ್ಲೇ ಇರುತ್ತದೆ. ಎತ್ತು ಗೆದ್ದ ದಿನವೂ ಅದೇ ಸುಳಿ, ಕಾಲು ಉಳುಕಿ ಮೂಲೆಯಲ್ಲಿ ಮಲಗಿದ ದಿನವೂ ಅದೇ ಸುಳಿ. ಇವತ್ತಿನ ಸಂಗತಿ ತಿಳಿಯಬೇಕಾದರೆ ಇವತ್ತು ಬದಲಾಗುವಂಥದ್ದನ್ನು ನೋಡಬೇಕಲ್ಲವೆ? ನಡಿಗೆ ಬದಲಾಗುತ್ತದೆ, ಉಸಿರು ಬದಲಾಗುತ್ತದೆ, ಕಾಲಿನ ಬಿಸಿ ಬದಲಾಗುತ್ತದೆ, ಮೇವಿನ ಮೇಲಿನ ಆಸೆ ಬದಲಾಗುತ್ತದೆ. ಸುಳಿಯನ್ನು ನಂಬುವವರು ಇದಕ್ಕೆ ಉತ್ತರ ಕೊಟ್ಟಿದ್ದನ್ನು ನಾನು ಈವರೆಗೆ ಕೇಳಿಲ್ಲ.

ಕಲಬುರಗಿಯ ಉಪನ್ಯಾಸಕರೊಬ್ಬರು ಇದೇ ಪಕ್ಷ ವಹಿಸಿ, ತೂಕದ ಪುಸ್ತಕಗಳನ್ನು ಮುಂದಿಟ್ಟಿದ್ದಾರೆ. ಪ್ರಾಣಿಯ ಲಕ್ಷಣಶಾಸ್ತ್ರ ನಮ್ಮದೇ ನೆಲದ್ದು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೇ ಕುದುರೆಯ ಲಕ್ಷಣಗಳಿವೆ, ಅದನ್ನು ಮೂಢನಂಬಿಕೆ ಎನ್ನುವುದು ಉದ್ಧಟತನ ಎಂಬುದು ಅವರ ಆಕ್ಷೇಪ. ನಾನು ಮೂಢನಂಬಿಕೆ ಎಂಬ ಪದವನ್ನೇ ಬಳಸಿರಲಿಲ್ಲ. ಇರಲಿ. ಕಮಲಾಪುರ ಬಿಟ್ಟು ಹುಮನಾಬಾದ್ ದಾಟಿದರೆ ಸಿಗುವ ಬಸವಕಲ್ಯಾಣವೇ ಆ ದೊರೆಯ ರಾಜಧಾನಿ. 1126ರಿಂದ 1138ರವರೆಗೆ ಆಳಿದವನು. ಅವನ ಗ್ರಂಥದಲ್ಲಿ ಲಕ್ಷಣಗಳಿರುವುದು ನಿಜ. ಕುದುರೆ ಏರಿ ಚೆಂಡಾಡುವ ವಾಜಿವಾಹ್ಯಾಲಿಯ ವಿನೋದವೂ ಅದರಲ್ಲೇ ಇದೆ. ಟಗರಿನ ಕಾಳಗ, ಹುಂಜದ ಕಾಳಗಗಳೂ ಇವೆ. ಆದರೆ ಅರಸನ ಕುದುರೆಗೆ ಬೇಕಾದ ಶುಭಲಕ್ಷಣ ಒಂದು, ಮೈದಾನದಲ್ಲಿ ಆಡುವ ಕುದುರೆಗೆ ಬೇಕಾದ ಪಳಗುವಿಕೆ ಇನ್ನೊಂದು. ಪಂಚಕಲ್ಯಾಣಿ ಕುದುರೆ ಅರಸನ ಮೆರವಣಿಗೆಗೆ ಶೋಭೆ ತರುತ್ತದೆ. ನಾಲ್ಕು ಕಾಲೂ ಮುಖವೂ ಬೆಳ್ಳಗಿವೆ ಎಂಬ ಕಾರಣಕ್ಕೆ ಅದು ಚೆಂಡಿನ ಹಿಂದೆ ಬೇಗ ತಿರುಗುತ್ತದೆ ಎಂದು ಯಾರೂ ನಂಬಬೇಕಿಲ್ಲ. ಅದೇ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ದನಕ್ಕೆ ಬೇನೆ ಬಂದಾಗ ಸುಳಿ ನೋಡಿ ಸುಮ್ಮನೆ ಕೂರಲಾಗದು ಎಂಬುದು ಆ ಅರಮನೆಗೂ ಗೊತ್ತಿತ್ತು.

ಲಕ್ಷಣಶಾಸ್ತ್ರ ಬೆಳೆದದ್ದೇಕೆ ಎಂದು ಕೇಳಿದರೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಂದು ಉತ್ತರ ಇದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ರಾಜಧಾನಿ ಇದೇ ಕಲಬುರಗಿ. ದಖನ್ನಿನ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರಬಸ್ತಾನ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. ರಷ್ಯದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಈ ಸೀಮೆಯಲ್ಲಿದ್ದ. ಹೊರ್ಮುಜ್‌ನಿಂದ ತಾನೇ ಒಂದು ಕುದುರೆ ತಂದಿದ್ದ. ಜುನ್ನರಿನ ಖಾನ ಅದನ್ನು ಕಿತ್ತುಕೊಂಡ. ಹೇಗೋ ಮರಳಿ ಪಡೆದು ಕೊನೆಗೆ ಬೀದರಿನಲ್ಲಿ ಮಾರಿದ. ಆಳಂದದ ಜಾತ್ರೆಯ ಬಗ್ಗೆ ಅವನು ಬರೆದದ್ದನ್ನು ನಮ್ಮವರು ಓದಬೇಕು: ವರ್ಷಕ್ಕೊಮ್ಮೆ ಹತ್ತು ದಿನ ಸಂತೆ, ಮಾರಾಟಕ್ಕೆ 20,000ದವರೆಗೆ ಕುದುರೆ. ಲೆಕ್ಕ ಸ್ವಲ್ಪ ಉಬ್ಬಿರಬಹುದು, ವರ್ತಕರ ಲೆಕ್ಕ ಯಾವತ್ತೂ ಉಬ್ಬಿಯೇ ಇರುತ್ತದೆ. ಆದರೂ ಆ ಸಂತೆಯಲ್ಲಿ ನಿಂತವನ ಪಾಡು ಯೋಚಿಸಿ. ಸಾವಿರಾರು ಕುದುರೆ, ಒಂದರ ಹಿನ್ನೆಲೆಯೂ ಗೊತ್ತಿಲ್ಲ, ಮಾರುವವನ ಭಾಷೆ ತಿಳಿಯದು, ಅವನ ಮಾತು ನಂಬುವಂತಿಲ್ಲ. ಇಂಥಲ್ಲಿ ಬಣ್ಣ, ಸುಳಿ, ಹಣೆಯ ಬೊಟ್ಟು ಇವುಗಳಿಗೆ ಒಂದು ಕೋಷ್ಟಕ ಮಾಡಿಕೊಂಡರೆ ಆಯ್ಕೆಗೆ ಆಸರೆ ಆಗುತ್ತದೆ. ಏನೂ ಗೊತ್ತಿಲ್ಲದಾಗ ಹುಟ್ಟಿದ ಕೋಷ್ಟಕ ಅದು. ಈಗಿನ ರೇಸ್ ಕುದುರೆಗೆ ತಾಯಿ ತಂದೆ ಯಾರು, ಯಾವ ದಿನ ಎಷ್ಟು ದೂರ ಎಷ್ಟು ಹೊತ್ತಿನಲ್ಲಿ ಓಡಿತು ಎಂಬ ದಾಖಲೆ ಇದೆ. ಕೋಷ್ಟಕದ ಕೆಲಸ ಮುಗಿದಿದೆ.

ಸುಳಿಯ ಪರ ಒಂದು ಸಾಕ್ಷ್ಯ ಉಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅಮೆರಿಕದ ಪಶುವರ್ತನೆ ತಜ್ಞೆ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು ಕಟ್ಟಿಹಾಕಿದಾಗ ಹೆಚ್ಚು ಕೊಸರಾಡುತ್ತವೆ ಎಂದು ಕಂಡುಬಂತು. ಭ್ರೂಣದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಬೆಳೆಯುವುದರಿಂದ ಹೀಗಿರಬಹುದು ಎಂಬುದು ಅವರ ಊಹೆ. ಅಂದರೆ ಸುಳಿ ಸ್ವಭಾವದ ಬಗ್ಗೆ ಅಷ್ಟಿಷ್ಟು ಹೇಳೀತು. ದನ ಗಾಬರಿಯದ್ದೋ ಶಾಂತವೋ ಎಂಬ ಮಟ್ಟಿಗೆ ಮಾತ್ರ. ಮಾಲೀಕನಿಗೆ ಸಾವು, ಮನೆಗೆ ಸಾಲ, ಅಗಸಿಯಲ್ಲಿ ಗೆಲುವು, ಇದ್ಯಾವುದೂ ಅದರಲ್ಲಿಲ್ಲ. ದನ ಗಾಬರಿಯದ್ದು ಎಂದು ತಿಳಿಯಲು ಹಣೆ ನೋಡುವುದಕ್ಕಿಂತ ಹತ್ತಿರ ಹೋಗಿ ಮೂಗುದಾರ ಹಿಡಿಯುವುದು ಬೇಗ.

ಬಣ್ಣದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಬೇಗ ಮುಗಿಸಬಹುದು. ಕಾರಹುಣ್ಣಿಮೆಯ ದಿನ ಅಗಸಿಗೆ ಬೇವಿನ ತೊಪ್ಪಲು ಕಟ್ಟಿದ ಹಗ್ಗ, ಅಂದರೆ ಕರಿ, ಬಿಗಿದು ಎತ್ತು ಓಡಿಸುತ್ತೇವೆ. ಬಿಳಿ ಎತ್ತು ಕರಿ ಹರಿದರೆ ಹಿಂಗಾರಿ, ಕೆಂದೆತ್ತು ಹರಿದರೆ ಮುಂಗಾರಿ ಪೀಕು ಚಲೋ ಎಂದು ಹೇಳುತ್ತೇವೆ. ಈ ನಂಬಿಕೆಯನ್ನು ನಾನು ಅವಮಾನಿಸಿದೆ ಎಂದು ಇಬ್ಬರು ಮೂವರು ಸಿಟ್ಟಾಗಿದ್ದಾರೆ. ನೋಡ್ರಿ, ಅಲ್ಲಿ ಎತ್ತಿನ ಬಣ್ಣ ನೋಡಿ ಓಟದ ಫಲ ಹೇಳುವುದಿಲ್ಲ. ಓಟದ ಫಲ ನೋಡಿ ಮಳೆ ಬೆಳೆ ಹೇಳುತ್ತಾರೆ. ನನ್ನ ವಾದಕ್ಕೆ ಅದು ಅಡ್ಡಬರುವುದೇ ಇಲ್ಲ. ಹಬ್ಬ ಹಬ್ಬದಂತೆ ನಡೆಯಲಿ. ಆದರೂ ಒಂದು ಚೇಷ್ಟೆಯ ಪ್ರಶ್ನೆ: ನಮ್ಮ ಜಿಲ್ಲೆ ತೊಗರಿಯ ಕಣಜ. ತೊಗರಿ ಬಿತ್ತುವುದು ಮುಂಗಾರಿನಲ್ಲಿ, ರಾಶಿ ಮಾಡುವುದು ಚಳಿಗಾಲದಲ್ಲಿ. ಅದು ಯಾವ ಎತ್ತಿನ ಪಾಲಿಗೆ ಬರುತ್ತದೆ?

ಕಮಲಾಪುರದ ಯುವಕರೊಬ್ಬರ ಮಾತು ಇದಕ್ಕಿಂತ ಚುರುಕಾಗಿತ್ತು. “ನಮ್ಮೂರ ಕೆಂಪು ಬಾಳೆಹಣ್ಣನ್ನ ಬಣ್ಣ ನೋಡೇ ತಗೋತೀರಲ್ಲ, ಎತ್ತಿಗೆ ಯಾಕ ಬ್ಯಾಡ?” ಎಂದಿದ್ದಾರೆ. ಒಳ್ಳೆಯ ಪ್ರಶ್ನೆ. ಕೆಂಪು ಸಿಪ್ಪೆ ಅದು ಯಾವ ತಳಿಯೆಂದು ಹೇಳುತ್ತದೆ. ಹಣ್ಣಾಗಿದೆಯೋ ಇಲ್ಲವೋ ಎಂದು ತಿಳಿಯಲು ನೀವೂ ಹೆಬ್ಬೆರಳಿನಿಂದ ಒತ್ತಿಯೇ ನೋಡುತ್ತೀರಿ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆ, ಜೋಲುಕಿವಿ ಕಂಡರೆ ದೇವಣಿ. ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಕೊಂಬು, ಬಿಗಿ ಮೈ ಕಂಡರೆ ಖಿಲಾರಿ. ತಳಿಯ ಗುರುತಿಗೆ ರೂಪ ಬೇಕೇ ಬೇಕು. ಖಿಲಾರಿ ಓಡುವ ತಳಿ, ದೇವಣಿ ಹೈನಿಗೂ ದುಡಿಮೆಗೂ ಆಗುವ ತಳಿ. ಅಗಸಿಯಲ್ಲಿ ನಿಂತ ಐದೂ ಖಿಲಾರಿಗಳೇ ಆಗಿದ್ದಾಗ ಏನು ಮಾಡುತ್ತೀರಿ? ರೇಸಿನಲ್ಲಿ ಎಲ್ಲವೂ ಥರೋಬ್ರೆಡ್ಡೇ. ತಳಿಯ ಗುರುತು ಅಲ್ಲಿಗೇ ಮುಗಿಯಿತು.

ಎದುರು ದಿಕ್ಕಿನಿಂದ ಬಂದ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ರೇಸ್‌ಪ್ರಿಯರೊಬ್ಬರು, ಬೆಂಗಳೂರು ಮೈಸೂರಿನ ಓಟಗಳನ್ನು ಫೋನಿನಲ್ಲಿ ನೋಡುವವರು, ಸುಳಿಯೂ ಬೇಡ ನಡಿಗೆಯೂ ಬೇಡ ಎನ್ನುತ್ತಾರೆ. ಹಿಂದಿನ ಓಟಗಳ ದಾಖಲೆ, ವಂಶ, ಹೊರುವ ಭಾರ, ಜಾಕಿ ಯಾರು, ಇಷ್ಟು ಸಾಕು. ಕುದುರೆಯ ಮುಖ ನೋಡುವುದು ಹಳೆಯ ಕಾಲದ ಶೋಕಿ ಎಂಬುದು ಅವರ ಪಕ್ಷ. ಅವರ ಅರ್ಧ ಮಾತು ನನ್ನದೇ. ರೂಪ ನೋಡಿ ಗೆಲುವು ಹೇಳಲಾಗದು ಎಂಬುದಕ್ಕೆ ಅವರಿಗಿಂತ ಹೆಚ್ಚು ಪುರಾವೆ ನಾನೇ ಕೊಡುತ್ತೇನೆ. ಅಮೆರಿಕದಲ್ಲಿ 1975ರಲ್ಲಿ ಹುಟ್ಟಿದ ಜಾನ್ ಹೆನ್ರಿ ಎಂಬ ಕುದುರೆ ಗಿಡ್ಡ ಆಳು, ಮುಂಗಾಲಿನ ಮಂಡಿ ಹಿಂದಕ್ಕೆ ಬಾಗಿದ್ದು. ಯಾವ ಲಕ್ಷಣಜ್ಞನೂ ಮೆಚ್ಚುವಂಥದ್ದಲ್ಲ. ಎಳೆಯದಾಗಿದ್ದಾಗ 1,100 ಡಾಲರಿಗೆ ಮಾರಾಟವಾಯಿತು. ಅದೇ 1981ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ವರ್ಷದ ಶ್ರೇಷ್ಠ ಕುದುರೆಯಾಗಿ 65 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಇದಕ್ಕೆ ತಿರುಗುಮುರುಗು ಗ್ರೀನ್ ಮಂಕಿ ಎಂಬುದು. 2006ರಲ್ಲಿ ಅದನ್ನು 1.6 ಕೋಟಿ ಡಾಲರ್ ಕೊಟ್ಟು ಕೊಂಡರು. ಮೈಕಟ್ಟು, ವಂಶ, ಓಡಿ ತೋರಿಸಿದ ವೇಗ, ಮೂರೂ ಕಣ್ಣು ಕುಕ್ಕುವಂತಿದ್ದವು. ಮೂರು ಸಲ ಓಡಿತು, ಒಂದರಲ್ಲೂ ಗೆಲ್ಲಲಿಲ್ಲ, ಒಟ್ಟು ಗಳಿಸಿದ್ದು ಸುಮಾರು ಹತ್ತು ಸಾವಿರ ಡಾಲರ್. ಜಗತ್ತಿನ ಪಳಗಿದ ಕಣ್ಣುಗಳೆಲ್ಲ ಆ ಹರಾಜಿನಲ್ಲಿದ್ದವು. ಕುದುರೆಯನ್ನು ಗೆಲ್ಲಿಸುವ ಅಂಗ ಒಳಗಿದೆ. ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಅದರ ಹೃದಯ ಓಟದಲ್ಲಿ 200 ದಾಟುತ್ತದೆ. 1973ರಲ್ಲಿ ಬೆಲ್ಮಾಂಟ್ ಓಟವನ್ನು 31 ಕುದುರೆಯುದ್ದದ ಅಂತರದಲ್ಲಿ ಗೆದ್ದ ಸೆಕ್ರೆಟೇರಿಯಟ್‌ನ ಹೃದಯ ಎಷ್ಟು ದೊಡ್ಡದೆಂದು ಗೊತ್ತಾಗಿದ್ದು ಅದು ಸತ್ತ ಮೇಲೆ, ಅದೂ ತೂಗಿ ಅಲ್ಲ, ವೈದ್ಯರ ಅಂದಾಜಿನಲ್ಲಿ. ಪ್ಯಾಡಕ್ಕಿನಲ್ಲಿ ನಿಂತವನಿಗೆ ಅದು ಕಾಣುವುದು ಎಲ್ಲಿಂದ?

ಆದರೆ ದಾಖಲೆಯಲ್ಲೂ ಒಂದು ಕುಂದಿದೆ. ಅದು ಕಳೆದ ಓಟದ ತನಕದ ಮಾತು. ನಿನ್ನೆ ರಾತ್ರಿ ಕುದುರೆ ಮೇವು ಬಿಟ್ಟಿದ್ದು ಅದರಲ್ಲಿಲ್ಲ. ಇವತ್ತು ಮುಂಜಾನೆ ಲಾಳದ ಮೊಳೆ ಒಂದು ಎಳೆ ಒಳಗೆ ಹೋಗಿದ್ದು ಅದರಲ್ಲಿಲ್ಲ. ಎಲ್ಲರೂ ದಾಖಲೆ ಓದಿ ಹಣ ಕಟ್ಟಿ ನೆಚ್ಚಿದ ಕುದುರೆಯೂ ಮೂರು ಓಟದಲ್ಲಿ ಹೆಚ್ಚುಕಡಿಮೆ ಒಂದನ್ನೇ ಗೆಲ್ಲುತ್ತದೆ. ಇದು ಎಲ್ಲ ದೇಶದ ರೇಸಿನವರಿಗೂ ಗೊತ್ತಿರುವ ಸಂಗತಿ. ಸುಪ್ರೀಂ ಕೋರ್ಟ್ 1996ರಲ್ಲಿ ಮದ್ರಾಸಿನ ಪ್ರಕರಣವೊಂದರಲ್ಲಿ ಕುದುರೆ ಪಂದ್ಯವನ್ನು ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದಿತು. ಆ ತೀರ್ಪನ್ನು ಬೇಕೆಂದಾಗ ಎತ್ತಿ ಹೇಳುವ ರೇಸ್‌ಪ್ರಿಯರು, ಕೌಶಲದಲ್ಲಿ ಪ್ರಾಣಿಯನ್ನು ನೋಡಿ ಅರಿಯುವುದೂ ಸೇರಿದೆ ಎಂಬುದನ್ನು ಮರೆಯುತ್ತಾರೆ. ಫೋನಿನ ಪರದೆಯಲ್ಲಿ ಕುದುರೆ ಅಂಗುಲದಷ್ಟು ಕಾಣುತ್ತದೆ. ಅಷ್ಟರಲ್ಲಿ ಕಾಲು ಕಾಣುವುದಿಲ್ಲ ಎಂದರೆ ಒಪ್ಪಬಹುದು. ಕಾಲು ನೋಡುವುದೇ ವ್ಯರ್ಥ ಎಂದರೆ ಹೇಗೆ?

ಕಾಲು ನೋಡುವುದೆಂದರೆ ಏನು ಎಂದು ಅವರೇ ಕೇಳಿದ್ದರಿಂದ ಹೇಳುತ್ತೇನೆ. ಕುದುರೆಯನ್ನು ಗಟ್ಟಿ ನೆಲದ ಮೇಲೆ, ಲಗಾಮು ಸಡಿಲ ಬಿಟ್ಟು, ನಿಮ್ಮ ಕಡೆಗೆ ನಡೆಸಿಕೊಂಡು ಬರಲಿ. ನೀವು ನೋಡಬೇಕಾದ್ದು ಮೊದಲು ತಲೆ. ಸರಿಯಾಗಿರುವ ಕುದುರೆಯ ತಲೆ ಎರಡೂ ಕಡೆ ಒಂದೇ ಸಮ ತೂಗುತ್ತದೆ. ಮುಂಗಾಲಲ್ಲಿ ನೋವಿದ್ದರೆ, ಆ ಕಾಲು ನೆಲ ಮುಟ್ಟಿದ ಕ್ಷಣ ತಲೆ ಮೇಲಕ್ಕೆ ಹೋಗುತ್ತದೆ. ಒಳ್ಳೆಯ ಕಾಲು ಊರಿದಾಗ ಕೆಳಗೆ ಬರುತ್ತದೆ. ಭಾರ ತಪ್ಪಿಸಿಕೊಳ್ಳುವ ಉಪಾಯ ಅದು. ನಿಧಾನ ನಡಿಗೆಯಲ್ಲಿ ಕಾಣದಿದ್ದರೆ ಸ್ವಲ್ಪ ಜಗ್ಗು ಓಟಕ್ಕೆ ಬಿಡಬೇಕು, ಆಗ ಎದ್ದು ಕಾಣುತ್ತದೆ. ಆಮೇಲೆ ನಿಮ್ಮಿಂದ ದೂರ ನಡೆಸಲಿ. ಈಗ ಪೃಷ್ಠದ ಎರಡು ಎಲುಬು ನೋಡಿ: ಹಿಂಗಾಲು ನೋಯುತ್ತಿದ್ದರೆ ಆ ಬದಿಯದು ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಪಕ್ಕದಿಂದ ನೋಡಿದರೆ ಹಿಂಗಾಲಿನ ಗೊರಸು ಮುಂಗಾಲು ಬಿಟ್ಟ ಗುರುತನ್ನು ದಾಟಿ ಬೀಳುತ್ತಿದೆಯೇ, ಹಿಂದೆಯೇ ಉಳಿಯುತ್ತಿದೆಯೇ ತಿಳಿಯುತ್ತದೆ. ಕೊನೆಗೆ, ಮಾಲೀಕ ಒಪ್ಪಿದರೆ, ಬಗ್ಗಿ ಎರಡೂ ಮುಂಗಾಲಿನ ಗೊರಸಿಗೆ ಅಂಗೈ ಹಿಂಬದಿ ತಾಗಿಸಿ. ಒಂದು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಎತ್ತಿನಲ್ಲೂ ಹೀಗೆಯೇ. ಒಂದು ಗುರುತು ಹೆಚ್ಚು: ಕಾಲು ನೋಯುವ ಎತ್ತು ನಡೆಯುವಾಗ ಬೆನ್ನನ್ನು ಕಮಾನಿನಂತೆ ಎತ್ತುತ್ತದೆ, ನೋವು ಬಲವಾದರೆ ನಿಂತಾಗಲೂ ಇಳಿಸುವುದಿಲ್ಲ. ಝೂಲ ಹೊದಿಸಿದರೆ ಇದು ಮುಚ್ಚಿಹೋಗುತ್ತದೆ. ಅಗಸಿಗೆ ತರುವ ಮೊದಲು ಝೂಲ ತೆಗೆಸಿ ನೋಡಬೇಕು ಎಂದು ನಾನು ಬರೆದದ್ದಕ್ಕೆ ಕಾರಣ ಇದೇ, ಹಬ್ಬದ ಸಿಂಗಾರದ ಮೇಲಿನ ಸಿಟ್ಟಲ್ಲ.

ಈ ಪರೀಕ್ಷೆ ಮಾಡಿದವನಿಗೆ ಯಾವುದು ಮೊದಲು ಬರುತ್ತದೆ ಎಂದು ತಿಳಿಯುವುದಿಲ್ಲ. ಯಾವುದನ್ನು ಬಿಡಿಸಬೇಕು ಎಂದು ತಿಳಿಯುತ್ತದೆ. ರೇಸ್‌ಪ್ರಿಯರಿಗೆ ಇದರಿಂದ ಸಿಗುವುದು ಒಂದೇ ಲಾಭ, ಸೋಲುವ ಕುದುರೆಗೆ ಹಣ ಕಟ್ಟದೆ ಇರುವುದು. ಕಡಿಮೆಯೆ?

ಹೊಳಪು, ಬೆವರು, ಹೊಟ್ಟೆ ಇವುಗಳ ಬಗ್ಗೆ ಬಂದ ಸಣ್ಣ ಪ್ರಶ್ನೆಗಳಿಗೆ ಸಣ್ಣ ಉತ್ತರ. ಮೈ ಹೊಳೆಯುವುದು ಒಳ್ಳೆಯ ಮೇವಿನ, ದಿನದ ಮಾಲೀಶಿನ ಗುರುತು, ಸರಿ. ಎಣ್ಣೆ ಹಚ್ಚಿದ ಗುರುತೂ ಆಗಬಹುದು. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನು ಇರುವುದರಿಂದ ಉಜ್ಜಿದಲ್ಲೆಲ್ಲ ಸೋಪಿನ ನೊರೆಯಂತೆ ಬರುತ್ತದೆ. ತೊಡೆಸಂದಿಯ ನೊರೆ ನೋಡಿ ರೋಗ ಎಂದು ಹೆದರಬೇಕಿಲ್ಲ. ಬೇಸಿಗೆಯ ಮಧ್ಯಾಹ್ನ ಎಲ್ಲ ಕುದುರೆಯೂ ಬೆವರುತ್ತದೆ. ಎಲ್ಲವೂ ಒಣಗಿರುವಾಗ ಒಂದೇ ಒದ್ದೆಯಾಗಿ, ಕಣ್ಣು ಅಗಲಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದರೆ ಅದು ಓಟದ ಶಕ್ತಿಯನ್ನು ಅಲ್ಲೇ ಖರ್ಚು ಮಾಡುತ್ತಿದೆ ಎಂದು ತಿಳಿಯಬಹುದು. ಇನ್ನು ಕಾರಹುಣ್ಣಿಮೆಯ ಮುನ್ನಾದಿನದ ಹೊನ್ನುಗ್ಗಿಯಿಂದ ಹಿಡಿದು ಎತ್ತಿಗೆ ಗೊಟ್ಟದಲ್ಲಿ ಹಸಿ ಮೊಟ್ಟೆ, ಎಣ್ಣೆ ಕುಡಿಸುವ ಪದ್ಧತಿ. ಪ್ರೀತಿಯಿಂದ ಮಾಡುವುದೇ. ಆದರೆ ತಲೆ ಮೇಲೆತ್ತಿ ಗಂಟಲಿಗೆ ಅವಸರದಲ್ಲಿ ಸುರಿದದ್ದು ಶ್ವಾಸನಾಳಕ್ಕೆ ಇಳಿದರೆ ಎತ್ತು ಕೆಮ್ಮುತ್ತದೆ. ಕುಡಿಸಿದ ಮೇಲೆ ಕೆಮ್ಮಿದ ಎತ್ತನ್ನು ಸಂಜೆ ಓಡಿಸಬೇಡಿ.

ನಿವೃತ್ತ ಪಶುವೈದ್ಯರೊಬ್ಬರ ಪತ್ರ ಮರ್ಯಾದೆಯದು, ಆದರೆ ಪೆಟ್ಟು ಜೋರಾಗಿದೆ. ಅಪಾಯದ ಬಿರುಕು ಎಲುಬಿನ ಒಳಗಿರುತ್ತದೆ, ನಡಿಗೆಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಹೀಗಿರುವಾಗ ಸಾಮಾನ್ಯ ಜನರಿಗೆ ನೋಡಿ ಹೇಳಿ ಎನ್ನುವುದು ಸುಳ್ಳು ಧೈರ್ಯ ಕೊಟ್ಟಂತೆ ಎಂದಿದ್ದಾರೆ. ಮೊದಲರ್ಧ ಪೂರ್ತಿ ನಿಜ ಸರ್. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಎರಡೇ ವಾರದಲ್ಲಿ ಮುಂದಿನ ಓಟದ ಆರಂಭದಲ್ಲೇ ಹಿಂಗಾಲು ಮುರಿದುಕೊಂಡಿತು. ಲಕ್ಷಾಂತರ ಜನ ನೋಡುತ್ತಿದ್ದರು, ಮುಂಚೆ ಯಾರಿಗೂ ಏನೂ ಕಾಣಲಿಲ್ಲ. ಅದಕ್ಕೇ ಮೆಲ್ಬರ್ನ್ ಕಪ್‌ನಲ್ಲಿ ಆಂಥೊನಿ ವ್ಯಾನ್ ಡೈಕ್ ಎಂಬ ಕುದುರೆ 2020ರಲ್ಲಿ ಸತ್ತ ಮೇಲೆ ಓಟಕ್ಕೆ ಮುಂಚೆ ಕಾಲುಗಳ ಸ್ಕ್ಯಾನ್ ತಂದರು. ಕ್ಯಾಲಿಫೋರ್ನಿಯದ ಸಾಂಟಾ ಅನಿಟಾದಲ್ಲಿ 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್‌ವರೆಗೆ 30ರಷ್ಟು ಕುದುರೆ ಸತ್ತವು. ಆಮೇಲೆ ಅಲ್ಲಿ ಸ್ಕ್ಯಾನ್ ಯಂತ್ರವೂ ಬಂತು. ಜತೆಗೆ ಓಟಕ್ಕೆ ಮುಂಚೆ ವೈದ್ಯರು ಪ್ರತಿ ಕುದುರೆಯನ್ನೂ ನಡೆಸಿ, ಓಡಿಸಿ, ಮುಟ್ಟಿ ನೋಡಿ ಸಂಶಯ ಬಂದದ್ದನ್ನು ಕೈಬಿಡುವ ನಿಯಮ ಬಿಗಿಯಾಯಿತು. ಸಾವು ಇಳಿಯಿತು.

ಎರಡನೆಯ ಅರ್ಧಕ್ಕೆ ನನ್ನ ಒಪ್ಪಿಗೆ ಇಲ್ಲ. ಬೆಂಗಳೂರಿನ ಕುದುರೆಗೆ ಕ್ಲಬ್ಬಿನ ವೈದ್ಯರಿದ್ದಾರೆ. ಕಮಲಾಪುರ ಸುತ್ತಿನ ಹಳ್ಳಿಯ ಅಗಸಿಯಲ್ಲಿ ಕಾರಹುಣ್ಣಿಮೆಯ ಸಂಜೆ ಸ್ಕ್ಯಾನ್ ಎಲ್ಲಿಂದ ತರುವುದು? ಒಂದೇ ದಿನ ಎಲ್ಲ ಊರಲ್ಲೂ ಹಬ್ಬ, ಒಬ್ಬ ವೈದ್ಯರು ಎಷ್ಟು ಅಗಸಿಗೆ ಹೋಗಬಲ್ಲರು? ಅಲ್ಲಿ ಇರುವ ಸಾಧನ ರೈತನ ಕಣ್ಣು, ಅಂಗೈ. ಸ್ಕ್ಯಾನಿಗೆ ಕಾಣುವ ಬಿರುಕು ಅದಕ್ಕೆ ಕಾಣದು ಎಂಬ ಕಾರಣಕ್ಕೆ, ಅದಕ್ಕೆ ಕಾಣುವ ಕುಂಟನ್ನೂ ನೋಡಬೇಡಿ ಎನ್ನಬಹುದೆ? ಸುಳ್ಳು ಧೈರ್ಯ ಬರುವುದು “ಇದು ಗೆಲ್ಲುತ್ತದೆ” ಎಂದು ಹೇಳಿದಾಗ. “ಇದನ್ನು ಇವತ್ತು ಬಿಡಬೇಡಿ” ಎಂದು ಹೇಳಿ ತಪ್ಪಿದರೆ ಆಗುವ ನಷ್ಟ ಏನು? ಒಂದು ಸರಿಯಾದ ಎತ್ತು ಒಂದು ಸಂಜೆ ಮನೆಯಲ್ಲಿ ಮೇಯುತ್ತದೆ.

ಪ್ರಾಣಿಪ್ರಿಯರು ಕೆಲವರು, ಹೆಚ್ಚಾಗಿ ಕಾಲೇಜಿನ ಹುಡುಗ ಹುಡುಗಿಯರು, ಇಡೀ ಚರ್ಚೆಯೇ ಹೊಲಸು ಎಂದಿದ್ದಾರೆ. ಓಡಿಸುವುದೇ ಹಿಂಸೆಯಾದಾಗ ಹೇಗೆ ನೋಡಬೇಕು ಎಂದು ಬರೆಯುವುದು ಹಿಂಸೆಗೆ ಬೆಣ್ಣೆ ಹಚ್ಚಿದಂತೆ ಎಂಬುದು ಅವರ ಆರೋಪ. ಕಾನೂನಿನ ಮಟ್ಟಿಗೆ ಹೇಳುವುದಾದರೆ, 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತ್ತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯ ಒಪ್ಪಿತು ಎಂದ ಮಾತ್ರಕ್ಕೆ ಮನಸ್ಸು ಒಪ್ಪಬೇಕೆಂದಿಲ್ಲ, ಆ ಹಕ್ಕು ನಿಮಗಿದೆ. ಬಾರುಕೋಲಿಗೆ ಮೊಳೆ ಹಾಕುವವರ, ಬಾಲ ಕಚ್ಚುವವರ ವಿರುದ್ಧ ನೀವು ನಿಂತರೆ ನಾನೂ ನಿಲ್ಲುತ್ತೇನೆ. ಆದರೆ ಒಂದು ಕೇಳುತ್ತೇನೆ: ಓಟ ನಿಲ್ಲಿಸುವ ನಿಮ್ಮ ಹೋರಾಟ ಗೆಲ್ಲುವ ತನಕ ಪ್ರತಿ ವರ್ಷ ಓಡುವ ಎತ್ತುಗಳ ಗತಿ ಏನು? ಕುಂಟುವ ಎತ್ತನ್ನು ಅಗಸಿಯಿಂದ ವಾಪಸು ಕಳಿಸಲು ಕಾನೂನು ಬದಲಾಗಬೇಕಿಲ್ಲ. ನೋಡಿ ಹೇಳುವ ಒಬ್ಬರು, ಕೇಳಿ ಒಪ್ಪುವ ಒಬ್ಬ ಮಾಲೀಕ, ಇಷ್ಟೇ ಬೇಕು. ಒಪ್ಪಿಸುವುದು ಸುಲಭ ಎಂದು ಹೇಳುತ್ತಿಲ್ಲ. ಊರ ಮುಂದೆ ಸಿಂಗರಿಸಿದ ಜೋಡಿಯನ್ನು ಹಿಂದಕ್ಕೆ ಹೊಡೆದುಕೊಂಡು ಹೋಗುವುದು ಮಾನದ ಪ್ರಶ್ನೆಯಾಗುತ್ತದೆ ಎಂಬುದು ಗೊತ್ತಿದೆ. ಅದಕ್ಕೇ ಅಗಸಿಗೆ ಬರುವ ಮೊದಲು, ಕೊಟ್ಟಿಗೆಯ ಮುಂದೆಯೇ ನೋಡಬೇಕು ಎನ್ನುತ್ತೇನೆ.

ಕೊನೆಗೆ ಉಳಿದದ್ದು ಸವಾಲು. “ಇಷ್ಟು ಬರೀತೀರಿ, ಬರೋ ಕಾರಹುಣ್ಣಿಮಿಗೆ ನಮ್ಮೂರಿಗೆ ಬರ್ರಿ, ಯಾವ ಎತ್ತು ಕರಿ ಹರೀತದ ಹೇಳ್ರಿ ನೋಡೂಣು” ಎಂದು ಮೊದಲು ಹೇಳಿದ ಹಿರಿಯರೇ ಕರೆದಿದ್ದಾರೆ. ಯಾವುದು ಹರಿಯುತ್ತದೆ ಎಂದು ನಾನು ಹೇಳುವುದಿಲ್ಲ ಕಾಕಾ, ನನಗೆ ಅದು ಬರುವುದಿಲ್ಲ. ಬರುತ್ತದೆ ಎನ್ನುವವರನ್ನು ನೀವೂ ನಂಬಬೇಡಿ. ಯಾವುದನ್ನು ಬಿಡಬಾರದು ಎಂದು ಹೇಳಲು ಬರುತ್ತೇನೆ. ಮೂರು ಷರತ್ತು. ಎತ್ತಿನ ಮೈ ತೊಳೆದು ಹುರಮಂಜು ಹಚ್ಚುವ ಮೊದಲೇ, ಮುಂಜಾನೆ ತಂಪು ಹೊತ್ತಿನಲ್ಲಿ ತೋರಿಸಬೇಕು. ಉಳುಮೆಯ ಮೆತ್ತನೆ ನೆಲದಲ್ಲಿ ಅಲ್ಲ, ಡಾಂಬರು ರಸ್ತೆಯ ಮೇಲೆ ಒಂದೊಂದನ್ನೇ, ಜೋಡಿ ಬಿಚ್ಚಿ ನಡೆಸಬೇಕು. ಜೋಡಿಯಲ್ಲಿ ಕುಂಟು ಅಡಗುತ್ತದೆ. ಹಲಗೆ ಬಾರಿಸುವವರು ಆ ಹೊತ್ತು ಚಹಾ ಕುಡಿಯಲು ಹೋಗಿರಬೇಕು, ಯಾಕೆಂದರೆ ಸದ್ದಿಗೆ ಬೆದರಿದ ಎತ್ತು ನೋವನ್ನು ಮರೆತು ನೆಟ್ಟಗೆ ನಡೆದುಬಿಡುತ್ತದೆ. ಒಪ್ಪಿಗೆಯಾದರೆ ತಿಳಿಸಿ, ಹುಮನಾಬಾದ್ ಕಡೆಯ ಮೊದಲ ಬಸ್ಸಿಗೆ ಹೊರಡುತ್ತೇನೆ.